ಕಿವುಡ ಸ್ನೇಹಿತರ ಜೊತೆ ವಿದೇಶದ ಬೀದಿ ತಿಂಡಿ: ಬ್ಯಾಂಕಾಕ್, ಪೆನಾಂಗ್, ಸಿಂಗಪುರ, ವಿಯೆಟ್ನಾಮಿಗೆ ಹೊರಟವರಿಗೆ

"ನಮ್ಮ ಗುಂಪಿನಲ್ಲಿ ಇಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಬ್ಯಾಂಕಾಕಿಗೆ ಹೋಗುತ್ತಿದ್ದೇವೆ. ರಸ್ತೆ ಬದಿ ಗಾಡಿಗಳಲ್ಲಿ ತಿನ್ನೋಕೆ ಆಗುತ್ತಾ, ಇಲ್ಲ ಹೋಟೆಲ್ಲೇ ಗತಿನಾ?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಧಾರಾಳವಾಗಿ ತಿನ್ನಬಹುದು. ನನ್ನ ಪ್ರಕಾರ ದೊಡ್ಡ ಹೋಟೆಲಿಗಿಂತ ಗಾಡಿಯೇ ವಾಸಿ. ಹೋಟೆಲಿನಲ್ಲಿ ಅಡುಗೆಮನೆ ಗೋಡೆಯ ಆಚೆ ಇರುತ್ತದೆ. ಮೆನು ನೋಡಿ ಬಾಯಿಬಿಟ್ಟು ಹೇಳಬೇಕು. ಗಾಡಿಯಲ್ಲಿ ಎಲ್ಲವೂ ಕಣ್ಣೆದುರು. ಬಾಣಲೆ, ಸೊಪ್ಪು, ನೂಡಲ್ಸ್ ಗುಡ್ಡೆ, ಪಕ್ಕದವರ ತಟ್ಟೆ, ಎಲ್ಲವನ್ನೂ ಬೆರಳಲ್ಲಿ ತೋರಿಸಬಹುದು. ಥಾಯ್ ಬಾರದ ಪ್ರವಾಸಿಗಳೆಲ್ಲ ಅಲ್ಲಿ ಕೈಸನ್ನೆಯಲ್ಲೇ ವ್ಯಾಪಾರ ಮಾಡುವುದು. ಆ ವಿದ್ಯೆಯಲ್ಲಿ ನಿಮ್ಮ ಸ್ನೇಹಿತರು ನಿಮಗಿಂತ ಪಳಗಿದವರು.

ಕೆಲಸ ಕೆಡುವುದು ಬೇರೆ ಕಡೆ. ಕಿವಿ ಕೇಳಿಸುವವರು ಮುಂದೆ ನುಗ್ಗಿ, ಎಲ್ಲರ ಪರವಾಗಿ ಆರ್ಡರ್ ಮಾಡಿ, ದುಡ್ಡು ಕೊಟ್ಟು, ತಟ್ಟೆ ತಂದು ಮುಂದೆ ಇಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಆದರೆ ಸ್ನೇಹಿತರಿಗೆ ಉಳಿಯುವುದು ಸುಮ್ನೆ ಕೂತು ತಿನ್ನುವ ಕೆಲಸ ಮಾತ್ರ. ಹಾಗಾಗಿ ಈ ಲೇಖನ ಜಾಸ್ತಿ ಇರುವುದು ಕಿವಿ ಕೇಳಿಸುವವರಿಗೆ.

ಜೊತೆಗೆ ಏನಿರಬೇಕು

ಕೈಯಗಲದ ಗಟ್ಟಿ ಕಾಗದದ ಚೀಟಿಗಳು, ದಪ್ಪ ಮೊನೆಯ ಪೆನ್ನು, ಸಣ್ಣ ನೋಟ್‌ಪುಸ್ತಕ, ಚಿಲ್ಲರೆ ನೋಟು, ಅನುವಾದದ ಆ್ಯಪ್ ಇರುವ ಫೋನ್, ಪವರ್‌ಬ್ಯಾಂಕ್. ಶ್ರವಣ ಯಂತ್ರ ಹಾಕುವವರಿದ್ದರೆ ಬಿಗಿ ಮುಚ್ಚಳದ ಡಬ್ಬಿ ಮತ್ತು ಹೆಚ್ಚುವರಿ ಬ್ಯಾಟರಿ. ಅಲ್ಲಿನ ಸೆಕೆ, ಬೆವರು, ಹಠಾತ್ ಮಳೆ ಆ ಯಂತ್ರಗಳಿಗೆ ಆಗಿಬರುವುದಿಲ್ಲ.

1. ಸನ್ನೆ ಭಾಷೆಯ ಬಗ್ಗೆ ತಪ್ಪು ಲೆಕ್ಕ ಬೇಡ

ಜಗತ್ತಿಗೆಲ್ಲ ಒಂದೇ ಸನ್ನೆ ಭಾಷೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ. ಥಾಯ್ಲೆಂಡಿಗೆ ತನ್ನದೇ ಥಾಯ್ ಸನ್ನೆ ಭಾಷೆ ಇದೆ. 1999ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಅದನ್ನು ಕಿವುಡರ ರಾಷ್ಟ್ರಭಾಷೆ ಅಂತ ಒಪ್ಪಿಕೊಂಡಿತು. ಮಲೇಷ್ಯಾದ್ದು ಬೇರೆ, ಸಿಂಗಪುರದ್ದು ಬೇರೆ. ಮಲೇಷ್ಯಾದ ಪೆನಾಂಗಿನಲ್ಲಂತೂ ಊರಿಗೇ ಒಂದು ಹಳೆಯ ಸನ್ನೆ ಭಾಷೆ ಇತ್ತು. ಶಾಲೆಯಲ್ಲಿ ಬಾಯಿಮಾತು ಕಲಿಸುವುದಕ್ಕೇ ಒತ್ತು ಕೊಡುತ್ತಿದ್ದ ಕಾಲದಲ್ಲಿ ಕಿವುಡ ಮಕ್ಕಳು ತರಗತಿಯ ಹೊರಗೆ ತಾವೇ ಬೆಳೆಸಿಕೊಂಡ ಭಾಷೆ ಅದು.

ಅಕ್ಷರ ತೋರಿಸುವ ರೀತಿಯೂ ಬೇರೆ. ಭಾರತ ಮತ್ತು ಬ್ರಿಟನ್ನಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎರಡು ಕೈ ಸೇರಿಸಿ ತೋರಿಸುತ್ತಾರೆ. ಅಮೆರಿಕದಲ್ಲಿ, ಥಾಯ್ಲೆಂಡಿನಲ್ಲಿ ಒಂದೇ ಕೈ. ಹಾಗಂತ ಎರಡು ದೇಶದ ಕಿವುಡರು ಎದುರಾದರೆ ಮುಖಮುಖ ನೋಡುತ್ತಾ ನಿಲ್ಲುವುದಿಲ್ಲ. ನಟಿಸಿ, ಚಿತ್ರ ಬಿಡಿಸಿ, ಗಾಳಿಯಲ್ಲಿ ಗೆರೆ ಎಳೆದು ದಾರಿ ಮಾಡಿಕೊಳ್ಳುತ್ತಾರೆ. ಅಂತರರಾಷ್ಟ್ರೀಯ ಸನ್ನೆ ಅಂತ ಒಂದಿದೆ. ಬೇರೆ ಬೇರೆ ದೇಶದ ಕಿವುಡರು ಸಭೆಗಳಲ್ಲಿ ಸೇರಿದಾಗ ಬಳಸುವ ಬೆರಕೆ ಸನ್ನೆ ಅದು. ಸ್ನೇಹಿತರಿಗೆ ಅದು ಸ್ವಲ್ಪ ಗೊತ್ತಿದ್ದರೆ ಬ್ಯಾಂಕಾಕಿನಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಸುಖುಮ್ವಿತ್ ಮತ್ತು ಸೀಲೊಂ ರಸ್ತೆಗಳಲ್ಲಿ ಸಾಮಾನು ಮಾರುವ ಕಿವುಡ ವ್ಯಾಪಾರಿಗಳು ಸಿಗುತ್ತಾರೆ. ಎಲ್ಲಿ ರುಚಿ, ಎಲ್ಲಿ ಅಗ್ಗ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿಲ್ಲ. ವಿಚಾರಿಸುವ ಕೆಲಸ ಸ್ನೇಹಿತರಿಗೇ ಬಿಡಿ.

ತಿಂಡಿ ಮಾರುವವರಿಗೆ ಸನ್ನೆ ಭಾಷೆ ಬರುವುದಿಲ್ಲ ಅಂದುಕೊಂಡೇ ಹೊರಡಿ. ತುಟಿ ನೋಡಿ ಮಾತು ತಿಳಿಯುವ ಅಭ್ಯಾಸವೂ ಅಲ್ಲಿ ಕೈಕೊಡುತ್ತದೆ. ಗೊತ್ತಿಲ್ಲದ ಭಾಷೆಯನ್ನು ತುಟಿಯಲ್ಲಿ ಓದುವುದು ಹೇಗೆ, ಅಲ್ವಾ?

2. ಚೀಟಿಗಳನ್ನು ಮೊದಲೇ ಸಿದ್ಧ ಮಾಡಿ

ಇಡೀ ತಯಾರಿಯಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೆ. ಗಾಡಿಯವರಿಗೆ ಓದಲು ಸಿಗುವುದು ಎರಡು ಮೂರು ಸೆಕೆಂಡು. ಒಂದು ಕೈಯಲ್ಲಿ ಸೌಟು ಇರುತ್ತದೆ, ಹಿಂದೆ ಸಾಲು ಇರುತ್ತದೆ. ಅಷ್ಟರಲ್ಲಿ ಮುಗಿಯುವ ಹಾಗೆ ಬರೆಯಿರಿ. ಒಂದು ಚೀಟಿಗೆ ಒಂದೇ ವಿಷಯ, ಸ್ಥಳೀಯ ಲಿಪಿ, ದಪ್ಪ ಅಕ್ಷರ. ಹಿಂಬದಿಯಲ್ಲಿ ಅದರ ಅರ್ಥ ಕನ್ನಡದಲ್ಲಿ.

ಇಲ್ಲಿ ಒಂದು ಎಚ್ಚರಿಕೆ. "ನನಗೆ ಕಿವಿ ಕೇಳಿಸುವುದಿಲ್ಲ" ಅನ್ನುವ ಸಾಲನ್ನು ಚೀಟಿಯ ಮೊದಲಿಗೆ ಹಾಕಬೇಡಿ. ಪ್ರವಾಸಿಗಳು ಸೇರುವ ಜಾಗಗಳಲ್ಲಿ ಅಂಥದ್ದೇ ಚೀಟಿ ಟೇಬಲ್ ಮೇಲಿಟ್ಟು ದುಡ್ಡು ಕೇಳುವವರು ಓಡಾಡುತ್ತಿರುತ್ತಾರೆ. ಅವರಲ್ಲಿ ಕಿವುಡರಂತೆ ನಟಿಸುವವರೂ ಇರುತ್ತಾರೆ. ಚೀಟಿ ಕಂಡ ಕೂಡಲೇ ಅಂಗಡಿಯವರು ಕೈ ಆಡಿಸಿ ಕಳಿಸಿಬಿಡಬಹುದು. ಮೊದಲ ಸಾಲು ತಿಂಡಿಯದ್ದಾಗಿರಲಿ: "ಒಂದು ಪ್ಲೇಟ್ ಬೇಕು." ಅದರ ಕೆಳಗೆ: "ಕಿವಿ ಕೇಳಿಸಲ್ಲ, ದಯವಿಟ್ಟು ಬರೆದು ತೋರಿಸಿ." ಕೈಯಲ್ಲಿ ನೋಟು ಕಾಣುವ ಹಾಗಿದ್ದರೆ ಅನುಮಾನವೇ ಬರುವುದಿಲ್ಲ.

ಇನ್ನು ಅಂಗಡಿಯವರ ಪ್ರಶ್ನೆಗಳು. ಅವರು ತಿರುಗಿಸಿ ಕೇಳುವುದು ಹೆಚ್ಚು ಕಮ್ಮಿ ಇವಿಷ್ಟೇ: ಇಲ್ಲೇ ತಿನ್ನುತ್ತೀರಾ, ಕಟ್ಟಿಕೊಡಲಾ? ಖಾರ ಎಷ್ಟು? ಚಿಕ್ಕದಾ, ದೊಡ್ಡದಾ? ನೂಡಲ್ಸ್ ಆದರೆ ಯಾವ ಎಳೆ, ಸಾರಿನ ಜೊತೆಗಾ, ಒಣಗಾ? ಪ್ರಶ್ನೆ ಕೇಳಿಸದಿದ್ದರೂ ಉತ್ತರ ಮೊದಲೇ ಸಿದ್ಧವಿದ್ದರೆ ಅರ್ಧ ತಲೆಬಿಸಿ ಹೋಯಿತು. ಒಂದು ಚೀಟಿಯಲ್ಲಿ ನಾಲ್ಕು ಸಾಲು ಹಾಕಿ, ಪ್ರತಿ ಸಾಲಿನಲ್ಲಿ ಆಯ್ಕೆಗಳನ್ನು ಬರೆದು, ಬೆರಳಿಡುವಷ್ಟು ಜಾಗ ಬಿಡಿ. ಗೊತ್ತಿರಬೇಕಾದ ಪದಗಳು ಇವು. ಥಾಯ್ಲೆಂಡಿನಲ್ಲಿ 'ಥಮ್ಮದಾ' ಅಂದರೆ ಮಾಮೂಲಿ ಪ್ಲೇಟ್, 'ಫಿಸೇತ್' ಅಂದರೆ ದೊಡ್ಡದು. 'ಮಾಯ್ ಫೆತ್' ಅಂದರೆ ಖಾರ ಬೇಡ. 'ಸೆನ್ ಲೆಕ್' ತೆಳು ಎಳೆ, 'ಸೆನ್ ಯಾಯ್' ಅಗಲ ಎಳೆ. ಮಲೇಷ್ಯಾದಲ್ಲಿ 'ಬುಂಗ್ಕುಸ್' ಅಂದರೆ ಕಟ್ಟಿಕೊಡಿ. ಸ್ಥಳೀಯ ಲಿಪಿಯಲ್ಲಿ ಬರೆಸಿದ ಮೇಲೆ ಆ ಭಾಷೆ ಬಲ್ಲ ಒಬ್ಬರಿಗೆ ತೋರಿಸಿ ಸರಿ ಮಾಡಿಸಿ. ಉಳಿದುಕೊಂಡ ಜಾಗದ ಕೌಂಟರಿನವರನ್ನು ಕೇಳಿದರೂ ಆಗುತ್ತದೆ.

ಸಸ್ಯಾಹಾರಿಗಳಿಗೆ ಇನ್ನೊಂದು ಚೀಟಿ ಬೇಕೇ ಬೇಕು. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್ ಇಲ್ಲದ ತಿಂಡಿ ಹುಡುಕುವುದು ಕಷ್ಟ. ಬರೀ ತರಕಾರಿ ಕಾಣುವ ಪಪಾಯ ಸಲಾಡಿನಲ್ಲೂ ಅದು ಇರುತ್ತದೆ, ಒಣ ಸಿಗಡಿಯೂ ಇರುತ್ತದೆ. ಮಲೇಷ್ಯಾದ ಸಂಬಾಲ್ ಅನ್ನುವ ಖಾರದ ಚಟ್ನಿಯಲ್ಲಿ ಸಾಮಾನ್ಯವಾಗಿ ಸಿಗಡಿ ಪೇಸ್ಟ್ ಇರುತ್ತದೆ. ಪೆನಾಂಗಿನ ಹುಳಿ ಲಕ್ಸಾ ಅನ್ನುವ ನೂಡಲ್ಸ್ ಮೀನಿನ ಸಾರಿನದ್ದು. "ತರಕಾರಿ ಮಾತ್ರ" ಅಂತ ಬರೆದರೆ ಸಾಲದು. ಮಾಂಸ, ಮೀನಿನ ಸಾಸ್, ಸಿಗಡಿ, ಮೊಟ್ಟೆ, ಯಾವುದು ಬೇಡವೋ ಒಂದೊಂದನ್ನೂ ಹೆಸರಿಸಿ. ಪಕ್ಕದಲ್ಲಿ ಚಿತ್ರ ಬರೆದು ಅಡ್ಡಗೆರೆ ಎಳೆಯಿರಿ. ಅಲರ್ಜಿ ಇರುವವರಿಗೂ ಇದೇ ದಾರಿ. ಕಡಲೆಬೀಜದ ಅಲರ್ಜಿ ಇದ್ದರೆ ಮಾತ್ರ ಚೀಟಿಯನ್ನು ಪೂರ್ತಿ ನಂಬಬೇಡಿ. ಅದೇ ಬಾಣಲೆ, ಅದೇ ಸೌಟು ಎಲ್ಲದಕ್ಕೂ ಓಡಾಡುತ್ತದೆ.

ಬ್ಯಾಂಕಾಕಿನಲ್ಲಿ ಇದಕ್ಕೆ ಕಣ್ಣಿಗೆ ಕಾಣುವ ಗುರುತೇ ಇದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದು 'ಜೇ' ಊಟದ ಅಂಗಡಿ. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಬರುವ ಜೇ ಹಬ್ಬದ ದಿನಗಳಲ್ಲಿ ಚೈನಾಟೌನಿನ ತುಂಬ ಹಳದಿ ಬಾವುಟ. ವಿಯೆಟ್ನಾಮಿನಲ್ಲಿ 'ಚಾಯ್' (chay, ಅಂದರೆ ಸಸ್ಯಾಹಾರ) ಅನ್ನುವ ಪದದ ಬೋರ್ಡ್ ಹುಡುಕಿ. ಚಾಂದ್ರಮಾನದ 1 ಮತ್ತು 15ನೇ ದಿನ ಅಲ್ಲಿ ತುಂಬ ಜನ ಚಾಯ್ ಊಟ ಮಾಡುತ್ತಾರೆ, ಆಯ್ಕೆ ಜಾಸ್ತಿ ಸಿಗುತ್ತದೆ.

3. ಫೋನಿನ ಮೇಲೆ ಎಷ್ಟು ಭಾರ ಹಾಕಬಹುದು

ಸ್ವಲ್ಪ ಮಾತ್ರ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆಡಿದ ಮಾತನ್ನು ಅಕ್ಷರಕ್ಕೆ ಇಳಿಸುತ್ತದೆ. ಆದರೆ ಥಾಯ್ ಮಾತನ್ನು ಥಾಯ್ ಅಕ್ಷರದಲ್ಲೇ ತೋರಿಸುತ್ತದೆ, ಅನುವಾದ ಮಾಡುವುದಿಲ್ಲ. ಬಹಳ ಜನ ಅಲ್ಲಿಗೆ ಹೋದ ಮೇಲೆಯೇ ಇದನ್ನು ಗಮನಿಸುವುದು. ಅನುವಾದ ಬೇಕಾದರೆ ಗೂಗಲ್ ಟ್ರಾನ್ಸ್‌ಲೇಟ್‌ನ ಸಂಭಾಷಣೆ ವಿಭಾಗ ಬಳಸಿ. ಹೊರಡುವ ಮುಂಚೆಯೇ ಆ ಭಾಷೆಯ ಫೈಲ್ ಇಳಿಸಿಟ್ಟುಕೊಳ್ಳಿ.

ರಾತ್ರಿ ಸಂತೆಯ ಗದ್ದಲದಲ್ಲಿ ಮಾತು ಹಿಡಿಯುವ ಆ್ಯಪ್‌ಗಳು ದಿಕ್ಕೆಡುತ್ತವೆ. ಬಾಣಲೆಯ ಸದ್ದು, ಜನರೇಟರ್, ಪಕ್ಕದ ಅಂಗಡಿಯ ಹಾಡು, ಎಲ್ಲ ಸೇರಿ ತೆರೆಯ ಮೇಲೆ ಅರ್ಥವಿಲ್ಲದ ಸಾಲು ಮೂಡುತ್ತದೆ. ಕ್ಯಾಮೆರಾದಲ್ಲಿ ಮೆನು ಓದಿಸುವುದು ಅಚ್ಚಾದ ಅಕ್ಷರಕ್ಕೆ ಪರವಾಗಿಲ್ಲ. ಹಲಗೆ ಮೇಲೆ ಕೈಯಲ್ಲಿ ಗೀಚಿದ್ದಕ್ಕೆ ಆಗುವುದಿಲ್ಲ. ಫೋನಿನಲ್ಲಿ ನಿಜಕ್ಕೂ ಕೈಹಿಡಿಯುವುದು ಎರಡೇ: ಫೋಟೋಗಳು ಮತ್ತು ಕ್ಯಾಲ್ಕುಲೇಟರ್.

4. ಜಾಗ ಆರಿಸುವಾಗ ಬೆಳಕು ನೋಡಿ

ಕತ್ತಲಲ್ಲಿ ಸನ್ನೆ ಕಾಣುವುದಿಲ್ಲ. ಇಷ್ಟು ಸರಳ ಸಂಗತಿ ಕಿವಿ ಕೇಳಿಸುವವರಿಗೆ ಹೊಳೆಯುವುದೇ ಇಲ್ಲ. ಮಂದ ಬೆಳಕು ಕಂಡರೆ ಅವರಿಗೆ ಖುಷಿ. ಬಲ್ಬಿನ ಕೆಳಗಿನ ಟೇಬಲ್ ಹಿಡಿಯಿರಿ. ದೀಪ ನೇರ ಕಣ್ಣಿಗೆ ಹೊಡೆಯದಿರಲಿ. ಇದ್ದಿಲ ಒಲೆಯ ಹೊಗೆ ಬರುವ ದಿಕ್ಕಿನಲ್ಲಿ ಕೂರಬೇಡಿ. ಕಣ್ಣು ಉರಿದು ನೀರು ಬಂದರೆ ಮಾತುಕತೆಯೇ ನಿಂತುಹೋಗುತ್ತದೆ.

ಹೊಸಬರಿಗೆ ಸಿಂಗಪುರದ ಹಾಕರ್ ಸೆಂಟರ್‌ಗಳಿಂದ ಶುರು ಮಾಡುವುದು ಒಳ್ಳೆಯದು. ಹಾಕರ್ ಸೆಂಟರ್ ಅಂದರೆ ಒಂದೇ ಸೂರಿನಡಿ ಹತ್ತಾರು ಸಣ್ಣ ತಿಂಡಿ ಅಂಗಡಿ. ಬೀದಿ ವ್ಯಾಪಾರಿಗಳನ್ನು ಸರ್ಕಾರವೇ ಹೀಗೆ ಒಳಗೆ ತಂದು ಕೂರಿಸಿತು. ಈ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಬೆಳಕು ಚೆನ್ನಾಗಿರುತ್ತದೆ, ಅಂಗಡಿಗಳಿಗೆ ನಂಬರ್ ಇರುತ್ತದೆ, ಫೋಟೋ ಮತ್ತು ಬೆಲೆ ಹಾಕಿರುತ್ತಾರೆ. ಬ್ಯಾಂಕಾಕಿನ ಚೈನಾಟೌನ್ ಯಾವರಾತ್ ರಸ್ತೆ ಸಂಜೆಯ ಮೇಲೆ ಕಳೆಗಟ್ಟುತ್ತದೆ. ಸೋಮವಾರ ಬಹಳಷ್ಟು ಗಾಡಿ ಇರುವುದಿಲ್ಲ. ಎಲ್ಲಿಯೇ ಆಗಲಿ, ನೂಕುನುಗ್ಗಲಿಗೆ ಮುಂಚೆ ಹೋಗಿ. ಅಂಗಡಿಯವರಿಗೆ ಚೀಟಿ ಓದುವ ಪುರುಸೊತ್ತು ಇರುತ್ತದೆ.

ವಿಯೆಟ್ನಾಮಿನ ಹನೋಯ್, ಹೋ ಚಿ ಮಿನ್ ನಗರದಲ್ಲಿ ಒಂದು ಅಪಾಯ ಗಮನದಲ್ಲಿರಲಿ. ಸ್ಕೂಟರುಗಳು ಫುಟ್‌ಪಾತಿಗೂ ಹತ್ತುತ್ತವೆ, ಹಾರ್ನ್ ಹೊಡೆದರೆ ಜನ ಸರಿಯುತ್ತಾರೆ ಅನ್ನುವ ನಂಬಿಕೆಯಲ್ಲೇ ಬರುತ್ತವೆ. ನಡೆಯುತ್ತಾ ಸನ್ನೆಯಲ್ಲಿ ಮಾತಾಡುವವರ ಕಣ್ಣು ಎದುರಿನವರ ಕೈ ಮೇಲಿರುತ್ತದೆ. ರಸ್ತೆ ಕಡೆಗೆ ನೀವು ನಡೆಯಿರಿ.

5. ಆರ್ಡರ್ ಮಾಡುವುದು

ಮೊದಲು ಒಂದು ಸುತ್ತು ಹೊಡೆಯಿರಿ. ಇಷ್ಟವಾದ ತಟ್ಟೆ ಕಂಡರೆ ಫೋಟೋ ತೆಗೆಯಿರಿ, ತಿನ್ನುತ್ತಿರುವವರ ಮುಖ ಬಾರದ ಹಾಗೆ. ಆಮೇಲೆ ಅದೇ ಫೋಟೋ ಅಂಗಡಿಯವರಿಗೆ ತೋರಿಸಬಹುದು.

ಕೌಂಟರಿನಲ್ಲಿ ಸ್ನೇಹಿತರು ಮುಂದೆ ನಿಲ್ಲಲಿ. ನೀವು ಅರ್ಧ ಹೆಜ್ಜೆ ಹಿಂದೆ. ಅಂಗಡಿಯವರು ಖಂಡಿತ ನಿಮ್ಮ ಮುಖ ನೋಡಿ ಮಾತಾಡುತ್ತಾರೆ. ಆಗ ಉತ್ತರ ಕೊಡಬೇಡಿ, ಕಣ್ಣನ್ನು ಸ್ನೇಹಿತರ ಕಡೆ ತಿರುಗಿಸಿ. ಅಂಗಡಿಯವರ ಕಣ್ಣೂ ಅದರ ಹಿಂದೆಯೇ ಹೋಗುತ್ತದೆ. ಇದಕ್ಕೆ ಸ್ವಲ್ಪ ಸಂಯಮ ಬೇಕು, ನಾಲಿಗೆ ತುರಿಸುತ್ತಿರುತ್ತದೆ. ಸ್ನೇಹಿತರು ಕೇಳಿದರೆ ಮಾತ್ರ ನಡುವೆ ಬನ್ನಿ.

ತೋರಿಸುವುದಕ್ಕೂ ಒಂದು ರೀತಿ ಇದೆ. ಮಲೇಷ್ಯಾದಲ್ಲಿ ತೋರುಬೆರಳು ಚಾಚುವುದು ಒರಟು ಅನ್ನಿಸಬಹುದು. ಬಲಗೈ ಮುಷ್ಟಿ ಹಿಡಿದು, ಹೆಬ್ಬೆರಳನ್ನು ಮೇಲಿಟ್ಟು ಅದರಿಂದ ತೋರಿಸುತ್ತಾರೆ. ಥಾಯ್ಲೆಂಡಿನಲ್ಲಿ ಕೈಮುಗಿದು ಮುಗುಳ್ನಕ್ಕು ಶುರು ಮಾಡಿದರೆ ಅದೇ ಅರ್ಧ ಮಾತು. ವಿಯೆಟ್ನಾಮಿನಲ್ಲಿ ಅಂಗಡಿಯವರು ಬೆರಳು ಬಿಡಿಸಿದ ಅಂಗೈಯನ್ನು ಅತ್ತಿತ್ತ ತಿರುಗಿಸಿದರೆ "ಇಲ್ಲ, ಖಾಲಿ" ಅಂತ. ಬೈಯುತ್ತಿದ್ದಾರೆ ಅಂದುಕೊಳ್ಳಬೇಡಿ. ಅಲ್ಲಿ ತೋರುಬೆರಳಿನ ಮೇಲೆ ನಡುಬೆರಳು ಹೆಣೆದು ತೋರಿಸಬೇಡಿ, ಅದು ಹೊಲಸು ಸನ್ನೆ.

ಸಂಖ್ಯೆಗಳಲ್ಲಿ ಜನ ಪೇಚಿಗೆ ಸಿಗುವುದು ಜಾಸ್ತಿ. ಅಮೆರಿಕನ್ ಸನ್ನೆ ಭಾಷೆಯಲ್ಲಿ 6 ಅಂದರೆ ಹೆಬ್ಬೆರಳು ಕಿರುಬೆರಳನ್ನು ಮುಟ್ಟಿ, ಮಿಕ್ಕ ಮೂರು ಬೆರಳು ಮೇಲಕ್ಕೆ. ಸನ್ನೆ ಬಾರದವರಿಗೆ ಅದು 3 ಅಂತಲೇ ಕಾಣುವುದು. ಚೀನೀ ಕೈ ಎಣಿಕೆಯಲ್ಲಿ ಹೆಬ್ಬೆರಳು, ಕಿರುಬೆರಳು ಚಾಚಿದರೆ 6. ಹೆಬ್ಬೆರಳು, ತೋರುಬೆರಳು ಚಾಚಿದರೆ 8. ಎರಡು ಪ್ಲೇಟ್ ಕೇಳಲು ಹೋಗಿ ಎಂಟು ಬಂದರೆ ತಿನ್ನುವವರು ಯಾರು! ಐದರ ಒಳಗಿದ್ದರೆ ನೇರ ಬೆರಳು. ಮೇಲಾದರೆ ಬರೆದು ತೋರಿಸಿ.

ಪೆನಾಂಗಿನ ತಿಂಡಿ ಅಂಗಳಗಳಲ್ಲಿ ಮೊದಲು ಟೇಬಲ್ ಹಿಡಿದು, ಅದರ ನಂಬರ್ ಬರೆದುಕೊಂಡು, ಆಮೇಲೆ ಗಾಡಿಗೆ ಹೋಗುವುದು ಕ್ರಮ. ನಂಬರ್ ತೋರಿಸಿದರೆ ತಟ್ಟೆ ಅಲ್ಲಿಗೇ ಬರುತ್ತದೆ. ಕುಡಿಯಲು ಕೊಡುವವರು ಬೇರೆ, ಅವರೇ ಟೇಬಲಿಗೆ ಬಂದು ಕೇಳುತ್ತಾರೆ. ಹಿಂದಿನಿಂದ ಬಂದು ಮಾತಾಡಿದರೆ ಸ್ನೇಹಿತರಿಗೆ ಗೊತ್ತಾಗುವುದಿಲ್ಲ. ಅವರಿಗೆ ಎದುರು ಕಾಣುವ ಕುರ್ಚಿ ಕೊಡಿ. ಸಿಂಗಪುರದಲ್ಲಿ ಟೇಬಲ್ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಆ ಜಾಗ ಯಾರೋ ಹಿಡಿದಿದ್ದಾರೆ ಅಂತ ಅರ್ಥ. ನೀವೂ ಹಾಗೇ ಹಿಡಿಯಬಹುದು, ಒಂದು ಮಾತೂ ಬೇಕಿಲ್ಲ. ಕೆಲವು ಅಂಗಡಿಗಳು ನಡುಗಿ ಮಿನುಗುವ ಬಜರ್ ಕೊಡುತ್ತವೆ. ಹೆಸರು ಅಥವಾ ನಂಬರ್ ಕೂಗುವ ಕಡೆಯಾದರೆ ಅಂಗಡಿಯವರ ಕಣ್ಣಿಗೆ ಬೀಳುವ ಜಾಗದಲ್ಲೇ ಕಾಯಬೇಕು.

6. ದುಡ್ಡು

ಅಡುಗೆ ಶುರುವಾಗುವ ಮುಂಚೆ ಬೆಲೆ ಗೊತ್ತಾಗಲಿ. ಕ್ಯಾಲ್ಕುಲೇಟರ್ ತೆರೆದು ಫೋನನ್ನು ಅವರ ಕೈಗೇ ಕೊಡಿ, ಅವರೇ ಒತ್ತಲಿ. ಐದು ಬೆರಳು ತೋರಿಸಿದರೆ 5, 50, 50,000 ಯಾವುದೂ ಆಗಬಹುದು. ವಿಯೆಟ್ನಾಮಿನ ಬೋರ್ಡುಗಳಲ್ಲಿ '30ಕೆ' ಅಂದರೆ 30,000 ಡಾಂಗ್. ಅಲ್ಲಿನ 20,000 ಮತ್ತು 500,000 ಡಾಂಗ್ ನೋಟು ಎರಡೂ ನೀಲಿ ಛಾಯೆಯವು. ಮಂದ ಬೆಳಕಲ್ಲಿ ಅದಲುಬದಲಾದರೆ 25 ಪಟ್ಟು ಕೊಟ್ಟ ಹಾಗೆ. ದೊಡ್ಡ ನೋಟನ್ನು ಬೇರೆ ಜೇಬಿಗೆ ಹಾಕಿ. ಥಾಯ್ಲೆಂಡಿನಲ್ಲಿ ಹಸಿರು 20, ಕೆಂಪು 100 ಬಾತ್ ನೋಟು ಕೈಯಲ್ಲಿರಲಿ. ಬೆಳಿಗ್ಗೆ ಬೆಳಿಗ್ಗೆ 1000ದ ನೋಟು ಚಾಚಿದರೆ ಗಾಡಿಯವರ ಮುಖ ಗಂಟಾಗುತ್ತದೆ.

ಬೇಯಿಸಿದ ತಿಂಡಿಗೆ ಚೌಕಾಸಿ ಮಾಡಬೇಡಿ. ಪ್ರತಿಯೊಬ್ಬರೂ ತಮ್ಮದನ್ನು ತಾವೇ ಕೊಡಲಿ.

7. ಕೂತು ತಿನ್ನುವಾಗ

ದುಂಡು ಟೇಬಲ್ ಸಿಕ್ಕರೆ ಬಿಡಬೇಡಿ, ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತದೆ. ಉದ್ದ ಟೇಬಲ್ ಆದರೆ ಸ್ನೇಹಿತರು ನಡುವೆ ಕೂರಲಿ, ತುದಿಯಲ್ಲಲ್ಲ. ಮಧ್ಯದಲ್ಲಿ ಎತ್ತರದ ಬಾಟಲಿ, ಟಿಶ್ಯೂ ಡಬ್ಬಿ ಇದ್ದರೆ ಪಕ್ಕಕ್ಕೆ ಸರಿಸಿ.

ಸನ್ನೆಯವರಿಗೆ ತಿನ್ನುವುದೂ ಮಾತಾಡುವುದೂ ಒಂದೇ ಕೈಗಳ ಕೆಲಸ. ಒಂದು ಕೈಯಲ್ಲಿ ಸಾತೇ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ) ಕಡ್ಡಿ ಹಿಡಿದು, ಇನ್ನೊಂದರಲ್ಲಿ ಅರ್ಧ ಸನ್ನೆ ಮಾಡುತ್ತಾರೆ. ಮಿಕ್ಕರ್ಧವನ್ನು ಹುಬ್ಬು, ಗಲ್ಲ, ಭುಜ ಹೇಳುತ್ತವೆ. ಮುಖ್ಯ ಮಾತು ಬಂದಾಗ ಕಡ್ಡಿ ತಟ್ಟೆಗೆ ಇಳಿಯುತ್ತದೆ. ನೂಡಲ್ಸ್ ಬಟ್ಟಲು ಬಂದರೆ ಎಲ್ಲರ ತಲೆಯೂ ಕೆಳಗೆ, ಮಾತು ಬಂದ್. ಅವರು ಬಟ್ಟಲಿನಿಂದ ಕಣ್ಣೆತ್ತುವ ತನಕ ನೀವೂ ತಿನ್ನಿ. ಕರೆಯಬೇಕಾದರೆ ಟೇಬಲ್ ಮೆಲ್ಲಗೆ ತಟ್ಟಿ, ಇಲ್ಲ ಕಣ್ಣಿನ ಅಂಚಿಗೆ ಕಾಣುವ ಹಾಗೆ ಕೈ ಬೀಸಿ. ಭುಜ ಮುಟ್ಟಿದರೂ ಸರಿ. ಇದ್ದಕ್ಕಿದ್ದಂತೆ ಮುಖದ ಮುಂದೆ ಚಿಟಿಕೆ ಹೊಡೆಯುವುದು ಮಾತ್ರ ಬೇಡ.

ಕಿವಿ ಕೇಳಿಸುವವರು ತಮ್ಮತಮ್ಮಲ್ಲೇ ಬಾಯಿಮಾತಿಗೆ ಜಾರುವುದು ಎಲ್ಲ ಗುಂಪುಗಳಲ್ಲೂ ಆಗುವ ಕಾಯಿಲೆ. ಏನೋ ಹೇಳಿ ನಗುತ್ತಾರೆ, "ಏನು?" ಅಂತ ಕೇಳಿದರೆ "ಏನಿಲ್ಲ, ಆಮೇಲೆ ಹೇಳ್ತೀನಿ" ಅನ್ನುತ್ತಾರೆ. ಅದಕ್ಕಿಂತ ಊಟ ಕೆಡಿಸುವ ವಸ್ತು ಇನ್ನೊಂದಿಲ್ಲ. ಸನ್ನೆ ಪೂರ್ತಿ ಬಾರದಿದ್ದರೆ ನೋಟ್‌ಪುಸ್ತಕ ಇದೆಯಲ್ಲ, ಬರೆಯಿರಿ.

ಸಿಂಗಪುರದಲ್ಲಿ ತಿಂದ ಮೇಲೆ ಟ್ರೇ ಎತ್ತಿ ಅದರ ಜಾಗದಲ್ಲಿ ಇಡಬೇಕು. ಹಾಕರ್ ಸೆಂಟರ್‌ಗಳಲ್ಲಿ 2021ರ ಸೆಪ್ಟೆಂಬರಿನಿಂದ ಇದು ಕಡ್ಡಾಯ. ವಿಯೆಟ್ನಾಮಿನ ಹೋಯ್ ಆನ್‌ಗೆ ಹೋದರೆ ರೀಚಿಂಗ್ ಔಟ್ ಟೀಹೌಸ್ ನೋಡಿ. ಗಾಡಿ ಬೆಲೆಯಲ್ಲ, ಆದರೂ ಹೇಳಬೇಕು. ಅಲ್ಲಿ ಬಡಿಸುವವರು ಕಿವುಡರು. ಬಿಸಿನೀರು, ಐಸ್ ಏನು ಬೇಕೋ ಆ ಪದ ಕೊರೆದ ಮರದ ತುಂಡು ಎತ್ತಿ ತೋರಿಸಿದರೆ ಸಾಕು. ಗಿರಾಕಿಗಳೂ ಸದ್ದಿಲ್ಲದೆ ಕೂರಬೇಕು.

8. ಹೊಟ್ಟೆ ಕೈಕೊಟ್ಟರೆ

ಕಾಯ್ದು ಕುದಿಯುತ್ತಿರುವುದನ್ನೇ ತಿನ್ನಿ. ಸ್ಥಳೀಯರ ಸಾಲು ಇರುವ ಗಾಡಿ ಆರಿಸಿ. ಥಾಯ್ಲೆಂಡಿನಲ್ಲಿ ನಡುವೆ ತೂತಿರುವ ಕೊಳವೆ ಆಕಾರದ ಐಸ್ ಕಾರ್ಖಾನೆಯದ್ದು, ಪುಡಿ ಮಾಡಿದ ಐಸಿಗಿಂತ ನಂಬಬಹುದು. ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ.

ತುರ್ತು ನಂಬರ್ ಥಾಯ್ಲೆಂಡಿನಲ್ಲಿ 1669, ಮಲೇಷ್ಯಾದಲ್ಲಿ 999, ವಿಯೆಟ್ನಾಮಿನಲ್ಲಿ 115, ಸಿಂಗಪುರದಲ್ಲಿ 995. ತೊಂದರೆ ಏನೆಂದರೆ, ಇವೆಲ್ಲ ಮಾತಾಡಿ ಕರೆಯುವ ನಂಬರುಗಳು. ಸಿಂಗಪುರದಲ್ಲಿ ಕಿವುಡರಿಗೆಂದೇ 70995ಕ್ಕೆ ಎಸ್ಸೆಮ್ಮೆಸ್ ಕಳಿಸುವ ವ್ಯವಸ್ಥೆ ಇದೆ. ಅದಕ್ಕೆ ಅಲ್ಲಿನ ಸಿಮ್ ಇಟ್ಟುಕೊಂಡರೆ ವಾಸಿ. ಮಿಕ್ಕ ಕಡೆಗೆ ಒಂದು ಕೆಂಪು ಚೀಟಿ ಮಾಡಿ: "ಆಂಬುಲೆನ್ಸ್ ಕರೆಯಿರಿ. ನನಗೆ ಕಿವಿ ಕೇಳಿಸುವುದಿಲ್ಲ." ಹಿಂಬದಿಯಲ್ಲಿ ಉಳಿದುಕೊಂಡ ಜಾಗದ ವಿಳಾಸ ಸ್ಥಳೀಯ ಲಿಪಿಯಲ್ಲಿ, ರಕ್ತದ ಗುಂಪು, ಅಲರ್ಜಿ. ಇದು ನಿಮ್ಮ ಚೀಲದಲ್ಲಲ್ಲ, ಅವರ ಜೇಬಿನಲ್ಲಿರಬೇಕು. ನಿಮಗೂ ಒಂದು ಮಾಡಿಕೊಳ್ಳಿ. ಥಾಯ್ ನಿಮಗೂ ಬರುವುದಿಲ್ಲವಲ್ಲ.